ಟೆಂಡರ್ ನೋಟಿಸೂ ಒಂದು ಬೀರುವೂ

ಸರ್ಕಾರಿ ಹಾಸ್ಟೆಲ್‌ಗಳಿಗೆ ಕಬ್ಬಿಣದ ಮಂಚ ಕೊಡೋದಕ್ಕೆ ಟೆಂಡರ್ ಕರೆದ ವಿಷಯ ನನಗೆ ಗೊತ್ತಾಗಿದ್ದು ಅದರ ಗಡುವು ಮುಗಿದ ಮೇಲೆ. ನಾಗಸಂದ್ರದಲ್ಲಿ ನಾನು ಮಾಡೋದೇ ಮಂಚ, ಬೀರು. ಸಿಟ್ಟಿನಲ್ಲಿ ಯಲಹಂಕದ ಕಚೇರಿಗೆ ಹೋದೆ.

"ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದವರಿಗೆಲ್ಲ ಮೆಸೇಜ್ ಹೋಗುತ್ತೆ. ನಿಮಗೂ ಹೋಗಿದೆ," ಅಂದರು ಗುಮಾಸ್ತರು, ಕಂಪ್ಯೂಟರ್ ನೋಡುತ್ತಾ. ಅವರು ಓದಿದ ನಂಬರ್ ನನ್ನದಲ್ಲ, ನನ್ನ ಹೆಸರು ನೋಂದಾಯಿಸಿಕೊಟ್ಟ ಸೈಬರ್ ಸೆಂಟರಿನವನದು. ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ.

"ಹೌದಣ್ಣ, ಒಟಿಪಿಗೆ ಪದೇಪದೇ ನಿಮ್ಮನ್ನ ಕೇಳೋದು ಬೇಡ ಅಂತ ಎಲ್ಲರಿಗೂ ನನ್ನ ನಂಬರೇ ಹಾಕಿದೀನಿ," ಅಂದ. "ದಿನಾ ಟೆಂಡರು ಟೆಂಡರು ಅಂತ ಮೆಸೇಜ್ ಬರ್ತಿತ್ತು. ತಲೆ ಕೆಟ್ಟು ಬ್ಲಾಕ್ ಮಾಡ್ದೆ."

ಗುಮಾಸ್ತರಿಗೆ ನನ್ನ ಮೇಲೆ ಕನಿಕರ ಬಂದಂತೆ ಕಾಣಲಿಲ್ಲ. "ನೋಟಿಸ್ ಬೋರ್ಡಿಗೂ ಹಾಕಿದ್ವಿ ಕಣ್ರೀ. ಬಂದು ನೋಡ್ಬೇಕಿತ್ತು," ಅಂತ ವರಾಂಡ ತೋರಿಸಿದರು.

ಹೋಗಿ ನೋಡಿದೆ. ಬೋರ್ಡ್ ಇತ್ತು. ಅದಕ್ಕೆ ಅಡ್ಡವಾಗಿ ಎರಡು ಬಾಗಿಲಿನ ದೊಡ್ಡ ಬೀರು ನಿಂತಿತ್ತು. ಗೋಡೆಗೆ ಕೆನ್ನೆ ಒತ್ತಿ ಇಣುಕಿದರೆ ನೋಟಿಸಿನ ಒಂದು ಅಂಚು ಕಾಣುತ್ತಿತ್ತು.

"ಇದನ್ನ ಯಾರ್ರೀ ಇಲ್ಲಿಟ್ಟಿದ್ದು?" ನನ್ನ ದನಿ ಏರಿತ್ತು.

"ಸಪ್ಲೈ ಮಾಡಿದೋರೇ ಇಲ್ಲಿ ಇಳಿಸಿ ಹೋದ್ರು. ಎಷ್ಟು ಜನ ತಳ್ಳಿದ್ರೂ ಅಲ್ಲಾಡಲ್ಲ. ನಾವೂ ನೋಟಿಸನ್ನ ಪಕ್ಕದಿಂದ ತೂರಿಸಿ ಅಂಟಿಸ್ತೀವಿ."

ಬೀರುವಿನ ಬಾಗಿಲ ಮೇಲೆ ತಗಡಿನ ಪಟ್ಟಿ ಇತ್ತು. ಅದರಲ್ಲಿ ನಮ್ಮ ಅಂಗಡಿಯ ಹೆಸರಿತ್ತು.

"ಮಾಲು ಗಟ್ಟಿಯಾಗಿದೆ," ಅಂತ ಹೇಳಿ ಬಂದೆ.