ಮಗ್ಗದ ಕ್ಲಾಸಿನ ಒಂದು ಸಾಲು

ಬೈಲಹೊಂಗಲದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಮ್ಮ ಕಂಪ್ಯೂಟರ್ ಆಫೀಸು ಇತ್ತು. ತೊಂಬತ್ತರ ದಶಕದಲ್ಲಿ ಅದು ಟೈಪಿಂಗ್ ಕಲಿಸುವ ಕೋಣೆ. ನನ್ನ ಬೆರಳು ಪಳಗಿದ್ದು ಅಲ್ಲೇ. ಟೈಪ್‌ರೈಟರುಗಳು ಅಟ್ಟ ಹತ್ತಿ ಕಂಪ್ಯೂಟರುಗಳು ಬಂದಾಗಲೂ ಮಾಲೀಕರು ನನ್ನನ್ನು ಬಿಡಲಿಲ್ಲ. ಪ್ರೋಗ್ರಾಮ್ ಬರೆಯಲು ಕಲಿತೆ. "ನಮ್ಮ ತಮ್ಮನ ಬೆರಳ ನೋಡ್ರಿ, ಆಣಿಕಲ್ಲ ಮಳಿ ಬಿದ್ದಂಗ ಬೀಳ್ತಾವು" ಎಂದು ಬಂದವರಿಗೆಲ್ಲ ಅವರು ಹೇಳುವಾಗ ನಾನು ಕೇಳಿಸದವನಂತೆ ಇನ್ನಷ್ಟು ಜೋರಾಗಿ ಟೈಪಿಸುತ್ತಿದ್ದೆ.

ಕೆಲಸವೂ ಬೆರಳಿನದೇ. ಡೇಟಾಬೇಸಿನ ಒಂದೊಂದು ಟೇಬಲಿಗೂ ಒಂದೊಂದು ಕ್ಲಾಸು, ಎಂದರೆ ಆ ದಾಖಲೆಯ ಅಚ್ಚು, ಬರೆಯಬೇಕು. ನೇಕಾರರ ಟೇಬಲಿಗೆ ನೇಕಾರ ಎಂಬ ಕ್ಲಾಸು. ಅವನ ಹೆಸರು ಓದಲು ನಾಲ್ಕು ಸಾಲು ಕೋಡು, ಬದಲಿಸಲು ನಾಲ್ಕು ಸಾಲು. ಊರಿಗೂ ಅಷ್ಟೇ, ವಯಸ್ಸಿಗೂ ಅಷ್ಟೇ. ಯಂತ್ರವೇ ಬರೆದುಕೊಡುವ ಉಪಾಯಗಳಿದ್ದರೂ ನಾನು ಕೈಯಿಂದಲೇ ಹೊಡೆಯುತ್ತಿದ್ದೆ. ಅದೇ ನನ್ನ ಬಂಡವಾಳ.

ಎರಡು ಸಾವಿರದ ದಶಕ ಮುಗಿಯುತ್ತಿದ್ದಾಗ ಮುನವಳ್ಳಿಯ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ವಾರ ಕಳೆಯುವುದರೊಳಗೆ ಇಂಟರ್‌ನೆಟ್ಟಿನಿಂದ ಒಂದು ಚಿಕ್ಕ ಫೈಲು ಇಳಿಸಿಕೊಂಡಳು. ನನ್ನ ನೇಕಾರ ಕ್ಲಾಸಿನಲ್ಲಿ ಹೆಸರು, ಊರು, ವಯಸ್ಸಿನ ಸಾಲುಗಳನ್ನಷ್ಟೇ ಉಳಿಸಿ, ಮಿಕ್ಕದ್ದನ್ನೆಲ್ಲ ಅಳಿಸಿ, ಕ್ಲಾಸಿನ ತಲೆಯ ಮೇಲೆ ಒಂದೇ ಒಂದು ಶಬ್ದ ಇಟ್ಟಳು. ಓದುವ, ಬದಲಿಸುವ, ಇಡೀ ದಾಖಲೆಯನ್ನು ಬರೆದು ತೋರಿಸುವ ಕೋಡೆಲ್ಲ ತಾನಾಗಿ ಹುಟ್ಟಿತು.

"ಅಣ್ಣಾರ, ಇಲ್ಲಿ ನೋಡ್ರಿ, ಮುನ್ನೂರ ಸಾಲ ಇಪ್ಪತ್ತಕ್ಕ ಇಳೀತು!"

ಅವಳು ಖುಷಿಯಿಂದ ಕರೆದದ್ದು ನನ್ನನ್ನೇ. ಆದರೆ ಎದ್ದು ಬಂದವರು ಮಾಲೀಕರು. ಬಗ್ಗಿ ನೋಡಿ, "ಭಪ್ಪರೇ ತಂಗಿ! ಹಂಗಾರ ಇಷ್ಟ ವರ್ಷ ನಾವು ಸುಮ್ಮನ ಕುಟಗೋತ ಕುಂತಿದ್ವೇನು?" ಎಂದು ನಕ್ಕರು. ಊಟಕ್ಕೆ ಕುಳಿತರೂ ಆ ಇಪ್ಪತ್ತು ಸಾಲು ಕಣ್ಣ ಮುಂದೆ. ಆಣಿಕಲ್ಲಿನ ಮಾತನ್ನು ಅವರು ಆಮೇಲೆ ಆಡಲೇ ಇಲ್ಲ.

ರಾಮದುರ್ಗದ ನೇಕಾರರ ಸಂಘವೊಂದಕ್ಕೆ ಪ್ರೋಗ್ರಾಮ್ ತೋರಿಸಬೇಕಿತ್ತು. ತೋರಿಸುವವಳು ಅವಳು, ಜೊತೆಗೆ ನಾನು. "ಇದು ಚಲೋ ಆತಂದ್ರ ಮುಂದಿನ ಕೆಲಸೆಲ್ಲಾ ತಂಗೀನ ನೋಡಕೊಳ್ಳಲಿ" ಎಂದುಬಿಟ್ಟಿದ್ದರು ಮಾಲೀಕರು. ಹತ್ತು ವರ್ಷ ನಾನು ಕುಳಿತ ಜಾಗ ಅದು.

ಹೊರಡುವ ಹಿಂದಿನ ದಿನ ಅವಳ ಕೋಡು ಓದಿದೆ. ತಪ್ಪು ಕಂಡಿತು. ನನ್ನ ಅಜ್ಜಿ ಹೊಸಬರು ಯಾರೇ ಬಂದರೂ "ಯಾರ ಪೈಕಿ?" ಎಂದು ಕೇಳುವವಳು, ಉತ್ತರ ತಿರುಗಿ ಮೊದಲಿನ ಮನೆಗೇ ಬಂದರೆ ಅಲ್ಲಿಗೆ ನಿಲ್ಲಿಸುವವಳು. ಈ ಪ್ರೋಗ್ರಾಮಿಗೆ ನಿಲ್ಲಿಸುವುದು ಗೊತ್ತಿರಲಿಲ್ಲ. ನೇಕಾರನ ದಾಖಲೆ ಬರೆಯುವಾಗ ಅವನ ಮಗ್ಗಗಳನ್ನೂ ಬರೆಯುತ್ತಿತ್ತು. ಮಗ್ಗದ ದಾಖಲೆ ಬರೆಯುವಾಗ ಅದರ ನೇಕಾರನನ್ನು, ಅವನಿಗೆ ಮತ್ತೆ ಮಗ್ಗಗಳನ್ನು. ಕೊನೆಯೇ ಇಲ್ಲ. ಹಿಂದೊಮ್ಮೆ ನಾನೂ ಅದರಲ್ಲಿ ಬಿದ್ದಿದ್ದರಿಂದ, ನಾನು ಕೈಯಾರೆ ಬರೆದ ಮಗ್ಗದ ಕ್ಲಾಸಿನಲ್ಲಿ ನೇಕಾರನನ್ನು ಬಿಟ್ಟಿದ್ದೆ. ಅವಳ ಆ ಒಂದು ಶಬ್ದ ಯಾರನ್ನೂ ಬಿಡುತ್ತಿರಲಿಲ್ಲ. ಪರೀಕ್ಷೆಗೆ ಅವಳು ಮಗ್ಗವಿಲ್ಲದ ನೇಕಾರರನ್ನಷ್ಟೇ ತುಂಬಿದ್ದಳು, ಹಾಗಾಗಿ ಸಿಕ್ಕಿಬಿದ್ದಿರಲಿಲ್ಲ.

ನಾನು ಹೇಳಲಿಲ್ಲ.

ಮರುದಿನ ಬಸ್ಸು ಮುನವಳ್ಳಿ ಸ್ಟ್ಯಾಂಡಿನಲ್ಲಿ ನಿಂತಾಗ ಅವಳು ಹತ್ತಿ ನನ್ನ ಪಕ್ಕ ಕುಳಿತಳು, ಅವಳ ತಾಯಿ ಕಿಟಕಿಯಿಂದ ಬುತ್ತಿಗಂಟು ಕೊಟ್ಟಳು. "ಇದು ಅಣ್ಣಗ ಬ್ಯಾರೆ ಕಟ್ಟೇನಿ. ಮನ್ಯಾಗ ಬರೇ ನಿಮ್ಮ ಮಾತ ಆಡತಾಳ್ರಿ. ಅಣ್ಣಾರ ಹಂಗ ಕಲಸ್ತಾರ, ಹಿಂಗ ಕಲಸ್ತಾರ ಅಂತಾಳ."

ಸಜ್ಜೆ ರೊಟ್ಟಿಯ ಬಿಸಿ ತೊಡೆಗೆ ತಾಗುತ್ತಿತ್ತು. ದಾರಿಯಲ್ಲಿ ಕಟಕೋಳ ಬಂದಾಗ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ಸರ್ ಹೇಳ್ಯಾರ್ರಿ, ಇದು ಆದ ಮ್ಯಾಲ ನನಗ ಖಿಡಕಿ ಕಡೆ ಟೇಬಲ್ ಕೊಡ್ತಾರಂತ" ಎಂದಳು. ಅದು ನನ್ನ ಟೇಬಲು. ಬಾಯಿ ಮುಚ್ಚಿದೆ.

ಸಂಘದಲ್ಲಿ ಅಧ್ಯಕ್ಷರು, ಧೋತರ ಉಟ್ಟ ಹಿರಿಯರು, ತಮ್ಮದೇ ಹೆಸರು ಹಾಕಿಸಿದರು. "ನಮ್ಮವು ಎರಡೂ ಮಗ್ಗ ಹಾಕವಾ ತಂಗಿ." ಅವಳು ಹಾಕಿ, ಬಟನ್ ಒತ್ತಿದಳು. ಪರದೆಯ ತುಂಬ ಕೆಂಪು ಅಕ್ಷರ ಹರಿಯತೊಡಗಿದವು.

"ಇದೇನವಾ? ನಮ್ಮ ಹಳೀ ಬುಕ್ಕ ಎಂದೂ ಹಿಂಗ ಸಿಟ್ಟಾಗಿದ್ದಿಲ್ಲ" ಎಂದರು. ಕುಳಿತವರೆಲ್ಲ ನಕ್ಕರು. ಅವಳು ಮತ್ತೆ ಒತ್ತಿದಳು. ಮತ್ತೆ ಕೆಂಪು. "ಅಣ್ಣಾರ..." ಎಂದು ನನ್ನತ್ತ ತಿರುಗಿದಳು.

ನಾನು ಕುರ್ಚಿ ಎಳೆದುಕೊಂಡೆ. ಕೆಂಪು ಅಕ್ಷರ ಓದಲೂ ಇಲ್ಲ. ನೇರವಾಗಿ ಮಗ್ಗದ ಕ್ಲಾಸು ತೆರೆದು, ದಾಖಲೆ ಬರೆಯುವಾಗ ನೇಕಾರನನ್ನು ಬಿಡು ಎಂಬ ಒಂದು ಸಾಲು ಸೇರಿಸಿ ಓಡಿಸಿದೆ. ಅಧ್ಯಕ್ಷರ ಹೆಸರು, ಕೆಳಗೆ ಎರಡು ಮಗ್ಗ, ತೆಪ್ಪಗೆ ಬಂದು ನಿಂತವು.

"ಇವನ ನೋಡ್ರಿ ಖರೇ ಹುಶಾರ! ಎಲಿ ಅಡಿಕಿ ಹಾಕ್ಕೊಳ್ಳೂದ್ರಾಗ ಮುಗಿಸಿದ!" ಅಧ್ಯಕ್ಷರು ಬೆನ್ನು ತಟ್ಟಿದರು. ತಿಂಗಳುಗಟ್ಟಲೆ ನಾನು ಹಸಿದು ಕಾದಿದ್ದ ಮಾತು ಅದು. ಅವಳು ಮಾತ್ರ ಪರದೆ ನೋಡದೆ ನನ್ನ ಬೆರಳು ನೋಡುತ್ತಿದ್ದಳು.

ವಾಪಸು ಬಸ್ಸು ಕಟಕೋಳ ದಾಟಿದ ಮೇಲೆ ಕೇಳಿದಳು: "ನಿಮಗ ಮೊದಲ ಗೊತ್ತಿತ್ತಲ್ರಿ?"

"ಹೂಂ."

"ನಿನ್ನಿಯಿಂದ?"

"ಹೂಂ."

ಮುನವಳ್ಳಿಯಲ್ಲಿ ಇಳಿದಳು. ಕಾಯುತ್ತಿದ್ದ ತಾಯಿ ಕಿಟಕಿಯತ್ತ ಬಂದು, "ಅಣ್ಣಗ ರೊಟ್ಟಿ ಸೇರಿದುವೇನು?" ಎಂದಳು. ಗಂಟು ನನ್ನ ತೊಡೆಯ ಮೇಲೆ ಕಟ್ಟಿದ ಹಾಗೇ ಇತ್ತು. ಮಗಳು ಅದನ್ನು ನೋಡಿದಳು, ತಾಯಿಗೆ ಕಾಣದಂತೆ ಕಿಟಕಿಗೆ ಅಡ್ಡ ನಿಂತಳು.

"ತಿಂದ್ರಬೇ, ಭಾಳ ಚಲೋ ಆಗಿದ್ದುವಂತ" ಎಂದಳು.

ಕಿಟಕಿ ಪಕ್ಕದ ಟೇಬಲು ನನಗೇ ಉಳಿಯಿತು. ಅಲ್ಲಿ ಕುಳಿತು ನಾನೂ ನಿಧಾನಕ್ಕೆ ಆ ಒಂದು ಶಬ್ದ ಇಡುವುದನ್ನು ಕಲಿತೆ. ತನ್ನ ಕೆಲಸಕ್ಕೆ ಅಡ್ಡಿ ಬಂದರೆ ಮೂಲೆಯಲ್ಲಿ ಅವಳು ಒಬ್ಬಳೇ ತಡಕಾಡುವುದು ಕಾಣುತ್ತಿತ್ತು. "ಅಣ್ಣಾರ, ಇಲ್ಲಿ ನೋಡ್ರಿ" ಎಂಬ ಕರೆ ಮಾತ್ರ ಬರಲಿಲ್ಲ.