ಮೊದಲ ಪುಟದ ಕ್ಷಮೆ

ನಮ್ಮ ಪತ್ರಕರ್ತರ ಸಂಘದ ನೀತಿಸಂಹಿತೆಯ ನಾಲ್ಕನೇ ನಿಯಮ ಹೀಗಿದೆ: ತಪ್ಪು ಯಾವ ಪುಟದಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕು. ಅದನ್ನು ಸಭೆಯಲ್ಲಿ ಹಟ ಹಿಡಿದು ಸೇರಿಸಿದವಳು ತೆಲೆಸಿಯಾ. ಹೊರದೇಶದ ಪಂಡಿತರು ಅದಕ್ಕೆ ಏನೇನೋ ಮೂಲ ಹೇಳುತ್ತಾರೆ. ಹೇಳಲಿ. ಅದಕ್ಕೆ ಕಾರಣವಾದ ಪುಟಕ್ಕೆ ಅಚ್ಚಿನ ಮೊಳೆ ಜೋಡಿಸಿದವನು ನಾನು, ಮೂಲ ನನಗೆ ಗೊತ್ತು.

ಆಗ ನಮ್ಮ ದ್ವೀಪದ ಆಪಿಯಾ ಪಟ್ಟಣದಲ್ಲಿ ನಮ್ಮದು ಎಂಟು ಪುಟದ ವಾರಪತ್ರಿಕೆ. ಬರೆದಿಟ್ಟ ನಿಯಮ ಒಂದೂ ಇರಲಿಲ್ಲ. ವರದಿಗಾರ್ತಿ ತೆಲೆಸಿಯಾ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಬಸ್ಸೊಂದು ತೆಂಗಿನ ಮರಕ್ಕೆ ಗುದ್ದಿದಾಗ, ಯಾರದೋ ಮಾತು ನಂಬಿ, ಚಾಲಕ ಇಯೋಸೆಫೊ ಕುಡಿದಿದ್ದನೆಂದು ಮೊದಲ ಪುಟದಲ್ಲೇ ಬರೆದುಬಿಟ್ಟಳು. ಅವನು ಒಂದು ಹನಿಯೂ ಮುಟ್ಟಿದವನಲ್ಲ, ಬ್ರೇಕ್ ಕೈಕೊಟ್ಟಿತ್ತು. ಬಸ್ಸು ರಿಪೇರಿಯಾಗಿ ಬಂತು, ಹತ್ತುವವರೇ ಇಲ್ಲ. ಅವನ ಮನೆಯ ಒಲೆ ಉರಿಯುತ್ತಿದ್ದುದೇ ಆ ಬಸ್ಸಿನಿಂದ.

ಸಂಪಾದಕ ಪೆನಿತಾಲ ತಿದ್ದುಪಡಿ ಹಾಕಿದ. ಎಂಟನೇ ಪುಟದಲ್ಲಿ, ಹಂದಿ ಮಾರಾಟದ ಜಾಹೀರಾತಿನ ಕೆಳಗೆ, ಎರಡೇ ಸಾಲು. ತೆಲೆಸಿಯಾಗೆ ಊಟ ಸೇರಲಿಲ್ಲ. ಬೆಳಗಾಗುತ್ತಲೇ ಇಯೋಸೆಫೊನ ಮನೆಯೆದುರು ತಲೆಯ ಮೇಲೆ ತನ್ನ ಮನೆತನದ ನುಣುಪು ಚಾಪೆ ಹೊದ್ದು ಕೂತಳು. ನಮ್ಮಲ್ಲಿ ಕ್ಷಮೆ ಕೇಳುವ ಪದ್ಧತಿ ಅದು; ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಮೊಳೆ ಜೋಡಿಸಿದ ಪಾಪಕ್ಕೆ ನಾನೂ ಅದೇ ಚಾಪೆಯಡಿ ನುಸುಳಿದೆ.

ಬಿಸಿಲೇರಿದ ಮೇಲೆ ಚಾಲಕನ ತಾಯಿ ಮಾಸಿನಾ ಹೊರಬಂದಳು. ಚಾಪೆ ಮುಟ್ಟಲಿಲ್ಲ.

"ನನ್ ಮುಂದೆ ಯಾಕೆ ಕೂತಿದ್ದೀಯೇ? ನನ್ ಮಗ ಕುಡುಕ ಅಲ್ಲ ಅಂತ ನಂಗೊತ್ತಿಲ್ವಾ?"

"ತಿದ್ದುಪಡಿ ಹಾಕಿದ್ದೀವಮ್ಮ," ಎಂದಳು ತೆಲೆಸಿಯಾ.

"ಹಂದಿ ಕೊಳ್ಳೋರಿಗೆ ಹೇಳಿದ್ದೀರಿ. ಬಸ್ ಹತ್ತೋರಿಗೆ ಹೇಳಿ."

ಕಚೇರಿಗೆ ಬಂದವಳೇ ತೆಲೆಸಿಯಾ ಮೊದಲ ಪುಟ ಕೇಳಿದಳು. ಪೆನಿತಾಲ ಕೆಂಡವಾದ. "ತಲೆ ಕೆಟ್ಟಿದ್ಯೇನೇ? ನಾವೇ ಸುಳ್ಳು ಬರೆದ್ವಿ ಅಂತ ಡಂಗುರ ಸಾರಿದ್ರೆ ಪೇಪರ್ ಯಾರು ತಗೋತಾರೆ?"

"ಮುಚ್ಚಿಟ್ರೆ ತಗೋತಾರಾ? ನನ್ನ ಹೆಸರೇ ಹಾಕಿ. ತಪ್ಪು ನಂದು."

ಅವನು ನನ್ನತ್ತ ನೋಡಿದ. ನಾನಾಗಲೇ ದೊಡ್ಡ ಮೊಳೆಗಳ ಪೆಟ್ಟಿಗೆ ಎಳೆದಿದ್ದೆ. "ಹಾಳಾಗ್ಹೋಗಿ," ಎಂದ. ಅವನ ಬಾಯಲ್ಲಿ ಒಪ್ಪಿಗೆ ಬರುವುದೇ ಹಾಗೆ.

ಇಯೋಸೆಫೊ ಕುಡಿದಿರಲಿಲ್ಲ, ನಾವು ತಪ್ಪು ಬರೆದೆವು ಎಂದು ಪುಟದ ನೆತ್ತಿಯ ಮೇಲೆ ಜೋಡಿಸಿದೆ. ಆ ವಾರ ಪತ್ರಿಕೆ ಒಂದೂ ಉಳಿಯಲಿಲ್ಲ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ ಕೂತೆವು. ಈ ಸಲ ಬೆವರಲೂ ಪುರುಸೊತ್ತಾಗಲಿಲ್ಲ. ಮಾಸಿನಾ ಬಂದು ಚಾಪೆ ಎತ್ತಿ ಮಡಚಿದಳು. ತೆಲೆಸಿಯಾ ಗಳಗಳನೆ ಅತ್ತಳು.

"ಸಾಕು, ಏಳೇ. ಮಗ ಬಸ್ ಹೊರಡಿಸ್ತಿದಾನೆ, ನೀನೂ ಪೇಟೆಗೆ ಹೋಗು. ಸೀಟು ಒಂದೂ ಖಾಲಿ ಇಲ್ಲ ನೋಡು. ಎಲ್ಲರ ಹಾಗೆ ಯಾರದಾದ್ರೂ ತೊಡೆ ಮೇಲೆ ಕೂತ್ಕೋ."