ಹೊಸಿಲು ದಾಟುವ ಮೊದಲು ಒಂದು ಹಿಡಿ

ಶುಕ್ರವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಜಾಜಿನಗರದಲ್ಲಿ, ಮಾಗಡಿ ರಸ್ತೆಗೆ ಹತ್ತಿರದ ಹಿಟ್ಟಿನ ಗಿರಣಿಯೊಳಗೆ ಮುನಿರಾಮಯ್ಯ ಮೋಟಾರಿಗೆ ಕೈಮುಗಿದು ಗುಂಡಿ ಒತ್ತುತ್ತಾರೆ. ಹೊತ್ತೇರಿದ ಮೇಲೆ ಕರೆಂಟು ಯಾವಾಗ ಕೈಕೊಡುತ್ತದೋ ಹೇಳಲಾಗದು, ಅದಕ್ಕೇ ಈ ವರ್ಷ ಬಡಾವಣೆಯ ಹಿಟ್ಟೆಲ್ಲ ಕೋಳಿ ಕೂಗುವ ಹೊತ್ತಿಗೇ ಬೀಸಿ ಮುಗಿಯಬೇಕು. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡ ಈ ಮನುಷ್ಯನ ನಿಜವಾದ ಬಣ್ಣ ನೋಡಬೇಕೆಂದರೆ ರಜೆಯ ದಿನವೇ ಬರಬೇಕು.

ಬೀಸಿದ ಹಿಟ್ಟಿಗೆ ಮುಚ್ಚಳ ಹಾಕುವ ಮುನ್ನ ಅವರು ಒಮ್ಮೆ ಗಿರಾಕಿಯ ಮುಖ ನೋಡುತ್ತಾರೆ. ಗಿರಾಕಿ ತಲೆಯಾಡಿಸಿದರೆ ಒಂದು ಹಿಡಿ ಹಿಟ್ಟು ಪಕ್ಕದ ತಗಡಿನ ಡಬ್ಬಕ್ಕೆ ಬೀಳುತ್ತದೆ. ಅದು ಊರು ಬಿಟ್ಟು ಡಿಗ್ರಿ ಓದಲು ಬಂದು, ಹಿಂದಿನ ಬೀದಿಯ ಶೀಟಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿಕೊಂಡು ಕೂತ ಹುಡುಗರ ಪಾಲು.

"ನಾನೇನ್ ದಾನಶೂರನಾ ಸಾರ್? ಹಿಟ್ಟು ಅವರದು, ಹೊಟ್ಟೆ ಇವರದು, ಮಧ್ಯೆ ಕೈ ಮಾತ್ರ ನಂದು" ಎನ್ನುತ್ತಾರೆ ಮುನಿರಾಮಯ್ಯ. "ನನ್ ತಮ್ಮಂಗೆ ಮೈಸೂರಲ್ಲಿ ಸೀಟು ಸಿಕ್ಕಿತ್ತು. ಊಟದ ದುಡ್ಡು ಸಾಲ್ದೆ ವಾಪಸ್ ಬಂದ. ಹೊಟ್ಟೆ ಖರ್ಚು ಉಳುದ್ರೆ ಫೀಸು ಹೆಂಗೋ ಕಟ್ಕೋತಾರೆ, ಅಲ್ವಾ?"

ಶುರುವಿನಲ್ಲಿ ಎಡವಟ್ಟೂ ಆಗಿತ್ತು. ರಾಗಿ, ಜೋಳ, ಗೋಧಿ ಎಲ್ಲವೂ ಒಂದೇ ಡಬ್ಬಕ್ಕೆ ಬೀಳುತ್ತಿತ್ತು. ಸಿಂದಗಿ ಕಡೆಯ ಪಂಚಾಕ್ಷರಿ ಆ ಕಲಬೆರಕೆಯನ್ನೇ ಜೋಳದ ಹಿಟ್ಟೆಂದು ತಟ್ಟಲು ಕೂತ. ರೊಟ್ಟಿ ಹಂಚು ಕಾಣುವ ಮೊದಲೇ ಚೂರುಚೂರಾಯಿತು. ಕೊನೆಗೆ ಅದನ್ನು ಮುದ್ದೆಯೂ ಅಲ್ಲದ, ಗಂಜಿಯೂ ಅಲ್ಲದ ಏನನ್ನೋ ಮಾಡಿ ನುಂಗಿದನಂತೆ. ಮಾರನೆಯ ದಿನವೇ ಡಬ್ಬಗಳು ಮೂರಾದವು.

ಅದೇ ಪಂಚಾಕ್ಷರಿ ಕಳೆದ ಬೇಸಿಗೆಗೆ ಮುಂಚೆ ಟ್ರಂಕು ಹೊತ್ತು ಗಿರಣಿಯ ಮುಂದೆ ನಿಂತಿದ್ದ. ವಿದ್ಯಾರ್ಥಿವೇತನ ಬಂದಿರಲಿಲ್ಲ, ಪರೀಕ್ಷೆ ಶುಲ್ಕದ ಗಡುವು ಬಂದಿತ್ತು. ಕೈಲಿದ್ದುದನ್ನು ಕಟ್ಟಿದರೆ ಊಟವಿಲ್ಲ, ಉಂಡರೆ ಪರೀಕ್ಷೆಯಿಲ್ಲ. "ಊರಿಗೆ ಹೋಗ್ತೀನ್ರಿ ಕಾಕಾ" ಎಂದ. "ಟ್ರಂಕ್ ಇಳಿಸಪ್ಪ. ಫೀಸ್ ಕಟ್ಬಿಟ್ಟು ಬಾ, ಹೊಟ್ಟೆ ವಿಷ್ಯ ನನಗೆ ಬಿಡು" ಎಂದುಬಿಟ್ಟರು ಮುನಿರಾಮಯ್ಯ.

ಮಾತೇನೋ ಕೊಟ್ಟಾಯಿತು. ಆದರೆ ಶುಕ್ರವಾರ ಮನೆಯ ಧಾನ್ಯ ಹೊರಗೆ ಕೊಡಬಾರದೆಂಬ ಪದ್ಧತಿ ಅಡ್ಡ ಬಂತು. ಗಿರಾಕಿಗಳು ಸಾಲಾಗಿ ಬಂದರೂ ಡಬ್ಬ ಮಾತ್ರ ಖಾಲಿ. ಧಾರವಾಡದಿಂದ ಬಂದು ಇಲ್ಲೇ ನೆಲೆಸಿದ ಅಧಿಕಾರಿಯೊಬ್ಬರ ಮಡದಿ ಜಗದಾಂಬಾ, "ಶುಕ್ರವಾರ ಲಕ್ಷ್ಮೀನ್ನ ಹೊರಗ ಕಳಸೂದು ಹ್ಯಾಂಗ್ರಿ?" ಎಂದರು. ಮುನಿರಾಮಯ್ಯ ತಡವರಿಸಲಿಲ್ಲ. "ಹಿಟ್ಟಾದ್ ಮೇಲೆ ಇದಿನ್ನೂ ನಿಮ್ ಮನೆಗೇ ಹೋಗಿಲ್ವಲ್ಲಮ್ಮ. ಹೊಸಿಲು ದಾಟಿದ ಮೇಲೆ ತಾನೆ ಲಕ್ಷ್ಮಿ? ಅಲ್ಲೀವರ್ಗೂ ಬರೀ ಹಿಟ್ಟು."

ಜಗದಾಂಬಾ ನಕ್ಕು ತಾವೇ ಒಂದು ಹಿಡಿ ಹಾಕಿದರು. ಹಿಂದೆ ನಿಂತವರೂ ಹಾಕಿದರು. ಪಂಚಾಕ್ಷರಿ ಹೊಟ್ಟೆತುಂಬ ಉಂಡು ಪರೀಕ್ಷೆ ಬರೆದ. ಆಮೇಲೂ ಫಲಿತಾಂಶ ಬರುವತನಕ ಮುನಿರಾಮಯ್ಯನವರಿಗೆ ಜೀವದಲ್ಲಿ ಜೀವವಿರಲಿಲ್ಲ. ಎಲ್ಲಿ ತಮ್ಮ ಮಾತು ನಂಬಿ ಹುಡುಗ ಕೆಟ್ಟನೋ ಎಂಬ ಅಳುಕು.

ಇಂದು ಆ ಅಳುಕು ಇಳಿದಿದೆ. ಸಾಲಿನ ಮೊದಲಲ್ಲೇ ಹೆಗಲ ಮೇಲೆ ಜೋಳದ ಚೀಲ ಹೊತ್ತು ಪಂಚಾಕ್ಷರಿ ನಿಂತಿದ್ದಾನೆ. ರಾತ್ರಿ ರೈಲಿಗೆ ಊರಿಂದ ಬಂದವನು. ಪಾಸಾಗಿದ್ದಾನೆ, ತಡೆದಿದ್ದ ವಿದ್ಯಾರ್ಥಿವೇತನವೂ ಒಟ್ಟಿಗೇ ಕೈಸೇರಿದೆ. ಅವನು ಜೇಬಿನಿಂದ ನೋಟು ತೆಗೆದರೆ ಮುನಿರಾಮಯ್ಯ, "ಬೀಸಿದ್ ಕೂಲಿ ಎಷ್ಟೋ ಅಷ್ಟ್ ಕೊಡು. ಉಳಿದಿದ್ದು ಮುಂದಿನ ಫೀಸಿಗೆ ಇಟ್ಕೊ" ಎನ್ನುತ್ತಾರೆ.

ಹುಡುಗ ಬೀಸಿ ಬಂದ ತನ್ನ ಜೋಳದ ಬಿಸಿ ಹಿಟ್ಟಿಗೆ ಎರಡೂ ಕೈ ಹಾಕಿ ಬೊಗಸೆ ತುಂಬ ಎತ್ತುತ್ತಾನೆ. ಮುನಿರಾಮಯ್ಯ ಅವನ ಮಣಿಕಟ್ಟು ಹಿಡಿಯುತ್ತಾರೆ. "ಒಂದೇ ಹಿಡಿ ಕಣಪ್ಪ. ಅಧಿಕಾರಿ ಮನೆಯೋರಿಗೂ ಅಷ್ಟೆ, ನಿನಗೂ ಅಷ್ಟೆ."

ನಿಮಗೇನು ಆಸೆ ಎಂದು ಕೇಳಿದರೆ ಅವರು ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಹಿಟ್ಟು ಬಿತ್ತು ಎನ್ನುತ್ತಾರೆ, ಅದನ್ನು ನಂಬುವವರು ಅಲ್ಲಿ ಯಾರೂ ಇಲ್ಲ.

"ಶುಕ್ರವಾರ ಡಬ್ಬ ಖಾಲಿ ಇರಬಾರ್ದು ಸಾರ್, ಅಷ್ಟೇ. ಇವತ್ತು ನೋಡಿ, ಮೊದಲನೇ ಹಿಡಿ ನಮ್ ಹುಡುಗನ್ದೇ."